ತುಟಿ ಕೂಡುವ ಅಕ್ಷರ

ವಿಶ್ವನಾಥಪ್ಪ ಮಾಸ್ತರರ ಗಂಟಲಿನ ಗಡ್ಡೆಯನ್ನು ಪರೀಕ್ಷೆ ಮಾಡಿದ ಸೊಲ್ಲಾಪುರದ ಡಾಕ್ಟರರು, ದನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ಬೇರೆ ದಾರಿ ಇಲ್ಲ ಎಂದು ಹೇಳಿದ್ದು ಒಂದು ಸೋಮವಾರ. ಆಪರೇಷನ್ ಶುಕ್ರವಾರಕ್ಕೆ ಗೊತ್ತಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರರು ಉಮರ್ಗಾ ಮುಟ್ಟುವ ತನಕ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಹೆಂಡತಿ ಸರುಬಾಯಿ ಒಮ್ಮೆ ನೀರು ಕೊಟ್ಟರು, ಒಮ್ಮೆ ಬಾಳೆಹಣ್ಣು ಕೊಟ್ಟರು. ಅವರು ಎರಡನ್ನೂ ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡರು.

ಉಮರ್ಗಾದಲ್ಲಿ ಇಳಿದ ಮೇಲೆ ತಮ್ಮೂರು ಗುಂಜೋಟಿಗೆ ಹೋಗುವ ಟಮ್‌ಟಮ್ ಆಟೋ ಹತ್ತುವ ಬದಲು ಮಾಸ್ತರರು ಸ್ಟ್ಯಾಂಡಿನ ಹಿಂದಿನ ಗಲ್ಲಿಗೆ ಹೊರಟರು.

"ಎಲ್ಲಿಗ್ರಿ?" ಅಂದರು ಸರುಬಾಯಿ.

"ಇನ್ನ ಮೂರು ದಿನ ಅದ. ಹೇಳೂದು ಏನೇನದ ಎಲ್ಲಾ ಹೇಳಿ ಮುಗಸ್ತೀನಿ. ಬಾಲಾಜಿ ಕಡಿ ಹೇಳಿ ಬರೋಣ ನಡಿ."

ಬಾಲಾಜಿ ಮದುವೆಯ ವಿಡಿಯೋ ಮಾಡುವವನು. ಮರಾಠಿಯವನು. ಅವನ ಕನ್ನಡ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಷ್ಟು ಮಾತ್ರ. ಮಾಸ್ತರರು ಮೂವತ್ತನಾಲ್ಕು ವರ್ಷ ಗಡಿಯ ಕನ್ನಡ ಶಾಲೆಗಳಲ್ಲಿ ಕಲಿಸಿದವರು; ಬಾಲಾಜಿ ಅವರ ಕೈಯಲ್ಲಿ ಕಲಿತವನಲ್ಲ, ಆದರೂ ಊರವರೆಲ್ಲರಂತೆ ಅವನೂ ಅವರನ್ನು ಗುರೂಜಿ ಅನ್ನುತ್ತಿದ್ದ. ವಿಷಯ ಕೇಳಿದ ಮೇಲೆ ಬುಧವಾರ, ಗುರುವಾರ ಇದ್ದ ಬೇರೆ ಕೆಲಸವನ್ನು ಮುಂದಕ್ಕೆ ಹಾಕಿ ಗುಂಜೋಟಿಗೆ ಬಂದ.

ಪಡಸಾಲೆಯಲ್ಲಿ ಕುರ್ಚಿ ಹಾಕಿ ಮಾಸ್ತರರನ್ನು ಕೂಡಿಸಿದ. ಅಂಗಿಯ ಎರಡನೇ ಗುಂಡಿಗೆ ಕಡಲೆಕಾಳಿನಷ್ಟು ದೊಡ್ಡ ಮೈಕ್ ಸಿಕ್ಕಿಸಿ, ಅದರ ತಂತಿಯನ್ನು ಕಿಸೆಯಲ್ಲಿಟ್ಟ ಸಣ್ಣ ರೆಕಾರ್ಡರಿಗೆ ಜೋಡಿಸಿದ. ಕ್ಯಾಮೆರಾ ದೂರ ಇರುತ್ತದೆ, ಅದರ ಮೈಕಿಗೆ ಫ್ಯಾನಿನ ಗಾಳಿ, ರಸ್ತೆಯ ಟ್ರ್ಯಾಕ್ಟರು ಎಲ್ಲ ಬಂದು ಕೂಡುತ್ತವೆ, ಅದಕ್ಕೇ ಮಾತು ಬೇರೆ, ಚಿತ್ರ ಬೇರೆ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸುತ್ತೇನೆ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದ. ಮಾಸ್ತರರು ಕ್ಷೌರ ಮಾಡಿಸಿಕೊಂಡು, ಮೀಸೆ ಸಣ್ಣದಾಗಿ ಕತ್ತರಿಸಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತಿದ್ದರು. ದನಿ ಆಗಲೇ ಒಡೆದಿತ್ತು. ಆದರೂ ಅದು ಅವರದೇ ದನಿ.

ಸರುಬಾಯಿ ಎದುರಿಗೆ ಬಂದು ಕೂತರು.

"ನೀ ಒಳಗ ಹೋಗು," ಅಂದರು ಮಾಸ್ತರರು. "ನೀ ಎದುರಿಗಿದ್ರ ನನಗ ಮಾತು ಬರಾಂಗಿಲ್ಲ."

ಸರುಬಾಯಿ ಒಳಗೆ ಹೋದರು. ಆ ಎರಡು ದಿನ ಅವರು ಮಿಕ್ಸರ್ ಹಚ್ಚಲಿಲ್ಲ, ಕುಕ್ಕರ್ ಇಡಲಿಲ್ಲ. ನೆಲದ ಮೇಲೆ ಕೂತು ತೊಗರಿಬೇಳೆಯಲ್ಲಿ ಹರಳು ಆರಿಸಿದರು. ಗೋಡೆಯ ಆಚೆಯಿಂದ ಗಂಡನ ದನಿ ಏರುವುದು, ಇಳಿಯುವುದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುನಡುವೆ ಬಾಲಾಜಿ ತಡೆಯುತ್ತಿದ್ದ: ಸೆಲ್ ಬದಲಿಸಲು, ಕಾರ್ಡ್ ಬದಲಿಸಲು, ಗುರೂಜಿ ಕೆಮ್ಮಿ ದಣಿದಾಗ ನೀರು ಕೊಡಲು. ಗುರುವಾರ ಮಧ್ಯಾಹ್ನ ಮಾಸ್ತರರು, "ಆತಪ್ಪಾ. ಇನ್ನ ಏನೂ ಉಳದಿಲ್ಲ," ಅಂದರು. ಸಂಜೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಹೋದರು.

ಆಪರೇಷನ್ ಚೆನ್ನಾಗಿ ಆಯಿತು. ಮೂರು ವಾರಕ್ಕೆ ಮನೆಗೆ ಬಂದಾಗ ಮಾಸ್ತರರ ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು ಇತ್ತು. ಊಟ ನಿಧಾನಕ್ಕೆ ಇಳಿಯತೊಡಗಿತು, ನಡಿಗೆ ಬಂತು. ಮಾತು ಮಾತ್ರ ಇರಲಿಲ್ಲ. ಗಂಟಲಿಗೆ ಹಿಡಿದು ಮಾತಾಡುವ ಯಂತ್ರ ಒಂದಿದೆ, ಗಾಯ ಪೂರ್ತಿ ಮಾಗಲಿ, ಆಮೇಲೆ ನೋಡೋಣ ಎಂದಿದ್ದರು ಡಾಕ್ಟರರು. ಅಲ್ಲಿಯ ತನಕ ಪಾಟಿ, ಬಳಪ. ಆದರೆ ಮಾಸ್ತರರ ಕೈ ಹಳೇ ಕಾಲದಿಂದಲೂ ನಡುಗುವ ಕೈ. ಒಂದು ಸಾಲು ಬರೆಯುವಷ್ಟರಲ್ಲಿ ಕೇಳುವವರ ತಾಳ್ಮೆ ಹೋಗುತ್ತಿತ್ತು, ಬರೆಯುವವರದು ಅದಕ್ಕಿಂತ ಮೊದಲೇ ಹೋಗುತ್ತಿತ್ತು. ಮೊಬೈಲಿನ ಸಣ್ಣ ಅಕ್ಷರ ಅವರ ಬೆರಳಿಗೆ ಸಿಗುತ್ತಿರಲಿಲ್ಲ. ಅವರು ಬಾಯಿ ಅಲ್ಲಾಡಿಸಿ ಹೇಳುವರು, ಸರುಬಾಯಿ "ಏನ್ರಿ? ನೀರಾ? ಹಾಸಗಿನಾ?" ಅನ್ನುವರು, ಅವರು ತಲೆ ಅಲ್ಲಾಡಿಸುವರು, ಮತ್ತೆ ಹೇಳುವರು. ಒಂದು ದಿನ ಪಾಟಿಯನ್ನು ಅಂಗಳಕ್ಕೆ ಎಸೆದೇ ಬಿಟ್ಟರು. ಪಾಟಿ ಒಡೆಯಿತು. ಸರುಬಾಯಿ ತುಂಡುಗಳನ್ನು ಆರಿಸಿ ಇನ್ನೊಂದು ಪಾಟಿ ತಂದಿಟ್ಟರು. ಹೊಸ ಪಾಟಿಯ ಮೇಲೆ ಮಾಸ್ತರರು ಮೊದಲು ಬರೆದದ್ದು ಒಂದೇ ಶಬ್ದ: "ವಿಡಿಯೋ?"

ಅದು ಸರಿಯೇ. ಎರಡು ತಿಂಗಳಾಗಿತ್ತು. ಬಾಲಾಜಿಯ ಸುದ್ದಿಯೇ ಇರಲಿಲ್ಲ.

ಮರುದಿನ ಸರುಬಾಯಿ ಉಮರ್ಗಾಕ್ಕೆ ಹೋದರು. ಅವರನ್ನು ನೋಡಿದ್ದೇ ಬಾಲಾಜಿ ಎದ್ದು ನಿಂತ. ಕುರ್ಚಿ ಕೊಟ್ಟ, ಚಹಾ ಹೇಳಿದ, ಆಮೇಲೆ ತಲೆ ತಗ್ಗಿಸಿ, "ಮಾಝ ಚುಕಲ, ಕಾಕೂ. ನಂದೇ ತಪ್ಪು," ಅಂದ.

ಆದದ್ದು ಹೀಗೆ. ಗುಂಜೋಟಿಗೆ ಬರುವ ಹಿಂದಿನ ದಿನ ಅವನು ಒಂದು ಮದುವೆ ಜೋಡಿಯ ಹಾಡಿನ ಚಿತ್ರ ತೆಗೆದಿದ್ದ. ಅದಕ್ಕೆ ಕ್ಯಾಮೆರಾದ ದನಿ ಬೇಕಿರಲಿಲ್ಲ, ಪೂರ್ತಿ ಬಂದ್ ಮಾಡಿದ್ದ. ಗುಂಜೋಟಿಯಲ್ಲಿ ತಿರುಗಿ ಚಾಲೂ ಮಾಡಲು ಮರೆತ. ಕ್ಯಾಮೆರಾದಲ್ಲಿ ಕೆಟ್ಟ ದನಿಯಾದರೂ ಇದ್ದಿದ್ದರೆ ಕಂಪ್ಯೂಟರು ಅದನ್ನು ರೆಕಾರ್ಡರಿನ ಒಳ್ಳೆಯ ದನಿಯ ಜೊತೆ ಹೋಲಿಸಿ ತಾನೇ ಜೋಡಿಸುತ್ತಿತ್ತು. ಅದಿಲ್ಲದಿದ್ದರೆ ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದಿರಬೇಕು. ಚಿತ್ರದಲ್ಲಿ ಕೈ ಕೂಡುವ ಜಾಗ, ದನಿಯಲ್ಲಿ ಚಪ್ಪಾಳೆಯ ಜಾಗ, ಎರಡನ್ನೂ ಒಂದರ ಮೇಲೊಂದು ಇಟ್ಟರೆ ಮುಗಿಯಿತು. ಗುರೂಜಿಯ ಎದುರಿಗೆ ಚಪ್ಪಾಳೆ ಹೊಡೆಯಲು ಅವನಿಗೆ ಸಂಕೋಚವಾಯಿತು, ಹೊಡೆಯಲಿಲ್ಲ. ರೆಕಾರ್ಡರಿನ ಗಡಿಯಾರವಾದರೂ ಸರಿ ಇತ್ತೇ ಅಂದರೆ, ಸೆಲ್ ಬದಲಿಸಿದಾಗೆಲ್ಲ ಅದು ಜನವರಿ ಒಂದಕ್ಕೆ ಹೋಗಿ ಕೂತಿತ್ತು. ಈಗ ಹತ್ತೊಂಬತ್ತು ತುಂಡು ಮೂಕ ಚಿತ್ರ, ಹನ್ನೊಂದು ತುಂಡು ದನಿ. ಯಾವುದಕ್ಕೆ ಯಾವುದು ಎಂದು ಹೇಳಲು ಅವನಿಗೆ ಕನ್ನಡ ಬರುವುದಿಲ್ಲ. ಲಾತೂರಿನ ಒಬ್ಬ ಎಡಿಟರನಿಗೆ ಕಳಿಸಿದ್ದ. ಅವನೂ ಆಗುವುದಿಲ್ಲ ಅಂದಿದ್ದ.

"ದನಿ ಚೊಲೋ ಬಂದದ ಕಾಕೂ. ಚಿತ್ರಾನೂ ಚೊಲೋ ಬಂದದ. ಎರಡೂ ಕೂಡವಲ್ಲವು."

ಸರುಬಾಯಿಗೆ ಸಿಟ್ಟು ಬಂತು. ಆದರೆ ಆ ಹುಡುಗನ ಮುಖ ನೋಡಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಚಿತ್ರ ಒಂದೀಟು ತೋರಸು," ಅಂದರು.

ಬಾಲಾಜಿ ಒಂದು ತುಂಡು ಹಚ್ಚಿದ. ಕಂಪ್ಯೂಟರಿನಲ್ಲಿ ಮಾಸ್ತರರು ಕೈ ಬೀಸಿ ಏನೋ ಹೇಳುತ್ತಿದ್ದರು. ಹುಬ್ಬು ಏರಿಸಿದರು, ನಕ್ಕರು. ದನಿಯಿಲ್ಲ. ಮನೆಯಲ್ಲಿ ಈಗ ದಿನವೂ ನೋಡುವ ಬಾಯಿಯೇ ಇಲ್ಲೂ ಇದೆ ಅನ್ನಿಸಿ ಸರುಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಗ ಹಿಂದಿನಿಂದ ಯಾರೋ ಜೋರಾಗಿ ನಕ್ಕರು.

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಪಕ್ಕದ ಅಂಗಡಿಯಲ್ಲಿ ಸೀರೆಗೆ ಫಾಲ್, ಪಿಕೋ ಹಾಕುವ ಮೀನಲ. ಎಳೆ ನೀಲಿ ದಾರದ ಉಂಡೆ ಕೈಯಲ್ಲೇ ಇತ್ತು. ಬಾಲಾಜಿಯ ಹತ್ತಿರ ಚಿಲ್ಲರೆ ಕೇಳಲು ಬಂದವಳು ಕಂಪ್ಯೂಟರ್ ನೋಡುತ್ತ ನಿಂತುಬಿಟ್ಟಿದ್ದಳು.

"ಯಾಕ ನಗ್ತಿ?" ಅಂದರು ಸರುಬಾಯಿ, ಸ್ವಲ್ಪ ಬಿರುಸಾಗಿಯೇ.

ಮೀನಲ ಅವರ ತುಟಿ ನೋಡಿ ಗಾಬರಿಯಾದಳು. "ಸಿಟ್ಟಾಗಬ್ಯಾಡ್ರಿ ಕಾಕೂ. ಗುರೂಜಿ ಕುದುರಿ ಸುದ್ದಿ ಹೇಳ್ಯಾರಲ್ಲ, ಅದಕ್ಕ ನಗು ಬಂತು. ಮದಿವ್ಯಾಗ ಕುಂಡ್ರಸಿದ್ದು ಟಾಂಗಾದ ಕುದುರಿ ಅಂತ. ಮೆರವಣಿಗಿ ಬಿಟ್ಟು ಸ್ಟ್ಯಾಂಡಿಗೆ ಹೋಗಿ ನಿಂತದ ಅಂತ." ಅವಳ ದನಿ ಏರಿಳಿತವಿಲ್ಲದೆ ಒಂದೇ ಸಮ ಇತ್ತು, ಅಂಗಡಿಗೆ ಬೇಕಾದದ್ದಕ್ಕಿಂತ ಜೋರು ಇತ್ತು.

ಸರುಬಾಯಿ ಬೆರಗಾದರು. ಆ ಕುದುರೆಯ ಸುದ್ದಿ ಖರೆ. ಅವರದೇ ಮದುವೆ. ವರನನ್ನು ಹೊತ್ತ ಕುದುರೆ ಹಂದರಕ್ಕೆ ಬರುವ ಬದಲು ಉಮರ್ಗಾ ಸ್ಟ್ಯಾಂಡಿನ ಟಾಂಗಾ ಸಾಲಿನಲ್ಲಿ ಹೋಗಿ ನಿಂತು, ಬೀಗರೆಲ್ಲ ಅದರ ಹಿಂದೆ ಓಡಿದ್ದರು. ಈ ಹುಡುಗಿ ಆಗ ಹುಟ್ಟಿಯೇ ಇರಲಿಲ್ಲ.

"ಇಕಿಗಿ ಕಿವಿ ಕೇಳ್ಸಲ್ಲ ಕಾಕೂ," ಅಂದ ಬಾಲಾಜಿ ಮೆಲ್ಲಗೆ. "ತುಟಿ ನೋಡಿ ಮಾತು ಹಿಡೀತಾಳ." ಅಂದವನೇ ತಾನು ಹೇಳಿದ್ದು ತನಗೇ ಆಗ ಹೊಳೆದಂತೆ ಕುರ್ಚಿಯಿಂದ ಎದ್ದ. ಎರಡು ತಿಂಗಳಿಂದ ಒಂದೇ ಗೋಡೆಯ ಆಚೆ ಈಚೆ ಕೂತಿದ್ದರು. ಅವಳ ಮನೆಮಾತು ಕನ್ನಡ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವನ ಜೊತೆ ಅವಳು ಮರಾಠಿಯನ್ನೇ ಆಡುತ್ತಿದ್ದಳು.

ಮೀನಲ ಸಾಸ್ತೂರದವಳು. ಆಳಂದದ ಕಡೆಯಿಂದ ಬಂದು ನೆಲೆಸಿದ ಮನೆತನ. ತೊಂಬತ್ತಮೂರರಲ್ಲಿ ಲಾತೂರಿನ ಕಡೆಯ ದೊಡ್ಡ ಭೂಕಂಪ ಆದಾಗ ಅವಳಿಗೆ ಆರು ವರ್ಷ. ಮನೆಯಲ್ಲಿ ಉಳಿದವರು ಅವಳು ಮತ್ತು ಸೋದರತ್ತೆ ಕಸ್ತೂರಬಾಯಿ ಇಬ್ಬರೇ. ಮನೆ ಕಳೆದುಕೊಂಡವರಿಗೆ ಹಾಕಿದ ತಗಡಿನ ಶೆಡ್ಡಿನಲ್ಲಿದ್ದಾಗ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ಮಾತೂ ಹೋಗುತ್ತದೆ ಎಂದು ಎಲ್ಲರೂ ಅಂದಾಗ ಕಸ್ತೂರಬಾಯಿ ಕೇಳಲಿಲ್ಲ. ರೊಟ್ಟಿ ಬಡಿಯುವಾಗ, ಹತ್ತಿ ಬಿಡಿಸುವಾಗ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು, ಗಲ್ಲ ಹಿಡಿದು, "ನನ್ನ ಬಾಯಿ ನೋಡು, ಅನ್ನು," ಎಂದು ದಿನಕ್ಕೆ ನೂರು ಸಲ ಅನ್ನಿಸಿದಳು. ಆ ಹಟದಿಂದಲೇ ಮೀನಲ ಕನ್ನಡವನ್ನೂ ಉಳಿಸಿಕೊಂಡಳು, ಮರಾಠಿಯನ್ನೂ ಕಲಿತಳು, ಉಮರ್ಗಾಕ್ಕೆ ಮದುವೆಯಾಗಿ ಬಂದು ಅಂಗಡಿಯನ್ನೂ ಇಟ್ಟಳು.

ಮರುದಿನದಿಂದ ಮಧ್ಯಾಹ್ನ ಮೂರು ತಾಸು ಕೆಲಸ ನಡೆಯಿತು. ಸರುಬಾಯಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದನಿ ಕೇಳುವುದು, ಕೇಳಿದ ಶಬ್ದಗಳನ್ನು ಕಾಗದದ ಮೇಲೆ ಬರೆಯುವುದು. ಮೀನಲ ಮೂಕ ಚಿತ್ರ ನೋಡಿ ಕಂಡ ಶಬ್ದ ಹೇಳುವುದು. ಎರಡು ಕಡೆಯ ಶಬ್ದ ಕೂಡಿದ ಕಡೆ ಬಾಲಾಜಿ ಚಿತ್ರದ ಪಟ್ಟಿಯ ಕೆಳಗೆ ದನಿಯ ಪಟ್ಟಿಯನ್ನು ಎಳೆದು ತರುವುದು.

ಮೊದಲ ದಿನ ತುಸು ಕಷ್ಟವಾಯಿತು. "ಎಲ್ಲಾ ಅಕ್ಷರ ಕಾಣ್ಸಲ್ಲ ಕಾಕೂ," ಅಂದಳು ಮೀನಲ. "ಕ, ಗ ಗಂಟಲ್ದಾಗೇ ಉಳೀತಾವ. ಅರ್ಧ ನೋಡ್ತೀನಿ, ಅರ್ಧ ಅಂದಾಜು ಹಾಕ್ತೀನಿ. ಪ, ಬ, ಮ ಇವು ಮೂರು ಮಾತ್ರ ಎಂದೂ ತಪ್ಪಂಗಿಲ್ಲ. ತುಟಿ ಎರಡೂ ಕೂಡತಾವ. ಆದ್ರ ಮೂರೂ ಒಂದೇ ನಮೂನಿ ಕಾಣ್ತಾವ."

ಬಾಲಾಜಿ ಇದನ್ನು ಕೇಳಿ ಪರದೆಯ ಮೇಲೆ ದನಿಯ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದ. ಮೀನಲ ಹತ್ತಿರ ಬಂದು ಬೆರಳಿಟ್ಟಳು.

"ಇದು ಏನು?"

"ಗುರೂಜಿ ದನಿ," ಅಂದ ಅವನು, ಅವಳಿಗೆ ಕಾಣುವಂತೆ ಮುಖ ತಿರುಗಿಸಿ.

"ಪಿಕೋ ಹೊಲಿಗಿ ಆಗ್ಯಾದಲ್ಲ!" ಅಂದಳು ಮೀನಲ. ಬಹಳ ಹೊತ್ತು ನೋಡಿದಳು. ಎಲ್ಲಿ ಜೋರು ಮಾತೋ ಅಲ್ಲಿ ಗೆರೆ ದಟ್ಟವಾಗಿ ಎದ್ದಿತ್ತು, ಎಲ್ಲಿ ಉಸಿರು ತೆಗೆದುಕೊಂಡರೋ ಅಲ್ಲಿ ದಾರ ಬಿಟ್ಟಂತೆ ಬರಿದು. ಆಮೇಲೆ ಅವಳೇ ಒಂದು ಕಂಡುಹಿಡಿದಳು. ಪ, ಬ ಅನ್ನುವಾಗ ತುಟಿ ಮುಚ್ಚಿದ ಆ ಗಳಿಗೆಗೆ ಗೆರೆಯೂ ಒಮ್ಮೆ ಸಣ್ಣಗಾಗಿ, ತುಟಿ ಬಿಚ್ಚಿದ್ದೇ ಚಟ್ಟನೆ ಏಳುತ್ತಿತ್ತು. ತುಟಿ ಮುಚ್ಚಿದ ಚಿತ್ರವನ್ನು ಆ ಸಣ್ಣ ಜಾಗಕ್ಕೆ ಕೂಡಿಸಿದರೆ ಸಾಕು, ಇಡೀ ವಾಕ್ಯ ಸರಿಯಾಗಿ ಕೂಡುತ್ತಿತ್ತು. ಎರಡನೇ ದಿನಕ್ಕೆ ಮೀನಲ ಬಾಲಾಜಿಯ ಕೈಯಿಂದ ಮೌಸ್ ತೆಗೆದುಕೊಂಡಳು.

ಒಂದು ಉದ್ದನೆಯ ತುಂಡಿನ ಕೊನೆಗೆ ಬಂದಾಗ ಅವಳು, "ಇಲ್ಲಿ ಕೂಡವಲ್ದು," ಅಂದಳು. "ತುಟಿ ಮೊದಲು ಮುಚ್ಚತದ, ಗೆರಿ ಹಿಂದಿಂದ ಬರ್ತದ."

ಸರುಬಾಯಿಗೆ ಕಿವಿಯಲ್ಲಿ ಅಂಥ ವ್ಯತ್ಯಾಸವೇನೂ ಗೊತ್ತಾಗಲಿಲ್ಲ. ಬಾಲಾಜಿ ಎಣಿಸಿ ನೋಡಿದ. ಹೌದು, ಕ್ಯಾಮೆರಾ ಮತ್ತು ರೆಕಾರ್ಡರ್ ಎರಡೂ ತಮ್ಮ ತಮ್ಮ ಗಡಿಯಾರದಲ್ಲಿ ನಡೆಯುತ್ತವೆ, ಶುರುವಿನಲ್ಲಿ ಸರಿ ಇದ್ದದ್ದು ಅರ್ಧ ತಾಸಿಗೆ ಕೂದಲೆಳೆಯಷ್ಟು ಸರಿದಿರುತ್ತದೆ. ಗುರೂಜಿ ನೀರು ಕುಡಿದ ಕಡೆ, ಕೆಮ್ಮಿದ ಕಡೆ ದನಿಯನ್ನು ಕತ್ತರಿಸಿ ಅಷ್ಟಷ್ಟೇ ಹಿಂದಕ್ಕೆ ಸರಿಸಿದರು. "ನನ್ನ ಕಿವಿಗೇ ಹತ್ತಿದ್ದಿಲ್ಲ, ನಿನ್ನ ಕಣ್ಣಿಗೆ ಹತ್ತೇದ," ಅಂದ ಬಾಲಾಜಿ. ಅದನ್ನು ಎರಡು ಸಲ ಅಂದ, ಎರಡನೇ ಸಲ ಮರಾಠಿಯಲ್ಲಿ.

ಒಂದು ಸಲ ಮೀನಲ ಕೇಳಿದಳು, "ಗುರೂಜಿ ದನಿ ಹ್ಯಾಂಗಿತ್ತು ಕಾಕೂ?"

ಸರುಬಾಯಿ ಹೆಡ್‌ಫೋನ್ ತೆಗೆದು ಯೋಚನೆ ಮಾಡಿದರು. "ಇದ್ರಾಗ ಒಣಗಿದ ಜ್ವಾಳದ ದಂಟು ಮುರದಂಗ ಅದ. ಮೊದಲು ಹಿಂಗಿರಲಿಲ್ಲ. ಮೊದಲು ಮಗ್ಗಿ ಹೇಳಸ್ಲಿಕತ್ರ ಮೂರು ಓಣಿಗೆ ಕೇಳ್ತಿತ್ತು."

ಏಳನೇ ದಿನ ಕೊನೆಯ ದನಿ ತುಂಡಿಗೆ ಬಂದರು. ಅದರಲ್ಲಿ ಮಾಸ್ತರರು ಭೂಕಂಪದ ಮರುವರ್ಷ ಮರದ ಕೆಳಗೆ ನಡೆಸಿದ ಶಾಲೆಯ ಮಾತು ಹೇಳುತ್ತಿದ್ದರು. ಮಕ್ಕಳಿಗೆ ಚಾಪೆ ಕೊಟ್ಟವರ ಹೆಸರು, ನೀರಿನ ಟ್ಯಾಂಕರ್ ತಂದ ಡ್ರೈವರನ ಹೆಸರು, ಒಬ್ಬೊಬ್ಬರನ್ನೇ ನೆನೆದು ಕೈ ಮುಗಿಯುತ್ತಿದ್ದರು. ಸರುಬಾಯಿ ಬರೆಯುತ್ತ ಹೋದರು. ಒಮ್ಮೆಗೇ ಅವರ ಕೈ ನಿಂತಿತು.

ಮಾಸ್ತರರು ಹೇಳುತ್ತಿದ್ದರು: "ಇನ್ನೊಂದು ಮಾತು. ಪರೀಕ್ಷಾದ ಪ್ರಶ್ನಪತ್ರಿಕಿ ಆಗ ಸ್ಟೆನ್ಸಿಲ್ ಕಾಗದದ ಮ್ಯಾಲ ಕೈಲೆ ಬರದು ಪ್ರತಿ ತೆಗೀತಿದ್ವಿ. ಇನ್ಸ್‌ಪೆಕ್ಟರ್ ಸಾಹೇಬ್ರು ನೋಡಿ, ತಾಲೂಕಿನಾಗ ಇಂಥ ಅಕ್ಷರ ಇಲ್ಲ ಮಾಸ್ತರ್ ಅಂತ ನನ್ನ ಬೆನ್ನು ಚಪ್ಪರಿಸ್ಯಾರ. ಶಾಲು ಹೊಚ್ಯಾರ. ನಾ ಸುಮ್ಮ ಹೊಚ್ಚಿಕೊಂಡೀನಿ. ನನ್ನ ಕೈ ನಡಗ್ತದ, ನಾ ಹ್ಯಾಂಗ ಬರೀಲಿ? ಹನ್ನೊಂದು ವರ್ಷ ಎಲ್ಲಾ ಸ್ಟೆನ್ಸಿಲ್ ಬರದಾಕಿ ನಮ್ಮ ಮನಿಯಾಕಿ. ಹಗಲೆಲ್ಲಾ ಹೊಲದ ಕೆಲಸಾ ಮಾಡಿ, ಸಂಜಿಗೆ ಕುಂತು ಬರೀತಿದ್ಲು. ಆಕಿ ಯಾರ ಮುಂದೂ ಅಂದಿಲ್ಲ. ನಾನೂ ಅಂದಿಲ್ಲ. ನನ್ನದು ತಪ್ಪು. ಆ ಅಕ್ಷರ ನನ್ನವಲ್ಲ, ಸರುಬಾಯಿವು. ಆ ಶಾಲೂ ಆಕಿದೇ. ನನಗ ಆಕಿ ಹೆಸರು ಎದುರಿಗೆ ಹಿಡದು ಕರ್ಯಾಕ ಬರಾಂಗಿಲ್ಲ, ಅದಕ್ಕ ಒಳಗ ಕಳಿಸಿ ಹೇಳ್ಲಿಕತ್ತೀನಿ. ಸರುಬಾಯಿ, ನಿನ್ನ ಉಪಕಾರ ಭಾಳ ಅದ."

ನಲವತ್ತೆರಡು ವರ್ಷದ ಸಂಸಾರದಲ್ಲಿ ಅವರು "ಏ ಇಕಿ," "ಕೇಳ್ತೇನು" ಅಂದದ್ದುಂಟು. ಹೆಸರು ಹಿಡಿದದ್ದು ಇಲ್ಲ. ಸರುಬಾಯಿ ಮೇಜಿನ ಮೇಲೆ ತಲೆಯಿಟ್ಟರು. ಬಾಲಾಜಿಗೆ ಏನೂ ತಿಳಿಯಲಿಲ್ಲ, ನೀರು ತರಲು ಹೊರಗೆ ಓಡಿದ.

ಮೀನಲ ಮಾತ್ರ ಚಿತ್ರವನ್ನು ಮುಂದೆ ಹಿಂದೆ ಮಾಡಿ, ಒಂದು ಜಾಗದಲ್ಲಿ ನಿಲ್ಲಿಸಿದಳು. ಮಾಸ್ತರರ ತುಟಿ ಎರಡೂ ಕೂಡಿದ್ದವು.

"ಇಲ್ಲಿ ಗುರೂಜಿ ನಿಮ್ಮ ಹೆಸರು ತಗೊಂಡಾರ ಕಾಕೂ. ಬಾ ಅನ್ಲಿಕ್ಕೆ ತುಟಿ ಮುಚ್ಯಾರ. ಇದಕ್ಕೇ ಕೂಡಸ್ಲೇನು?"

"ಕೂಡಸವ್ವಾ," ಅಂದರು ಸರುಬಾಯಿ. "ಅದಕ್ಕೇ ಕೂಡಸು."

ಅಂದು ಸಂಜೆ ಮನೆಗೆ ಬಂದವರೇ ಗಂಡನ ಎದುರಿಗೆ ಕೂತು, "ಕೇಳೀನಿ ನಾ. ನೀವು ಸ್ಟೆನ್ಸಿಲ್ಲಿಂದು ಹೇಳಿದ್ದು ಕೇಳೀನಿ," ಅಂದರು. ಮಾಸ್ತರರು ನಾಚಿದರು. ಆಮೇಲೆ ಪಾಟಿಯನ್ನು ಹುಡುಕದೆ, ನೇರ ಅವರ ಕಡೆ ನೋಡಿ ಏನೋ ಹೇಳಿದರು. ಬಾಯಿ ಅಲ್ಲಾಡಿತು, ಕಣ್ಣು ತುಂಬಿತು. ಒಂದು ಉದ್ದನೆಯ ಮಾತು. ಸರುಬಾಯಿಗೆ ಅದರಲ್ಲಿ ಒಂದು ಅಕ್ಷರವೂ ಹತ್ತಲಿಲ್ಲ.

ಆ ಕಾರಣಕ್ಕೇ ಮರುದಿನ ಅವರು ಮೀನಲಳ ಅಂಗಡಿಗೆ ಹೋಗಿ, "ಒಂದು ಸಲ ಮನಿಗೆ ಬಾರವ್ವಾ," ಎಂದು ಕರೆದರು.

ಮೀನಲ ಆಯ್ತವಾರ ಗುಂಜೋಟಿಗೆ ಬಂದಳು. ಮಾಸ್ತರರು ಹೊರಸಿನ ಮೇಲೆ ಕೂತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಗಡ್ಡ ಮೀಸೆ ಕಾಡಿನಂತೆ ಬೆಳೆದಿದ್ದವು. ಮೀನಲ ಅವರನ್ನು ನೋಡಿ ನಮಸ್ಕಾರ ಮಾಡಿ, ಹಿಂದೆ ಮುಂದೆ ನೋಡದೆ, "ಗುರೂಜಿ, ಮೀಸಿ ತಗೀರಿ. ತುಟಿನೇ ಕಾಣವಲ್ವು," ಅಂದುಬಿಟ್ಟಳು. ಅವರಿಗೆ ಹಾಗೆ ಹೇಳಿದವರು ಆ ತಾಲೂಕಿನಲ್ಲಿ ಯಾರೂ ಇರಲಿಲ್ಲ. ಮಾಸ್ತರರು ಅವಳನ್ನೊಮ್ಮೆ ನೋಡಿದರು. ಎದ್ದು ಹೋಗಿ, ಕ್ಷೌರಿಕನ ಅಂಗಡಿಯಲ್ಲಿ ಕೂತು, ಅರ್ಧ ತಾಸಿಗೆ ಬೋಳು ಮುಖ ಮಾಡಿಕೊಂಡು ಬಂದರು.

ಬೆಳಕಿಗೆ ಮುಖ ಮಾಡಿ ಕೂಡಿಸಿ ಮೀನಲ, "ಹಾಂ, ಈಗ ಹೇಳ್ರಿ," ಅಂದಳು.

ಮಾಸ್ತರರು ಮೊದಲು ಸಂಶಯದಿಂದ ಎರಡು ಶಬ್ದ ಅಂದರು. ಅವಳು ಅದನ್ನೇ ಜೋರಾಗಿ ಅಂದಳು. ನಾಲ್ಕು ಶಬ್ದ ಅಂದರು. ಅದನ್ನೂ ಅಂದಳು. ಆಮೇಲೆ ಅವರು ಕಟ್ಟೆ ಒಡೆದಂತೆ ಮಾತಾಡತೊಡಗಿದರು. ಸಾರಿಗೆ ಉಪ್ಪು ಕಡಿಮೆ ಆಗಿದೆ. ಉದಗೀರದಲ್ಲಿರುವ ಮಗಳು ವಿದ್ಯಾವತಿಗೆ ಫೋನು ಮಾಡಿದಾಗ ಸ್ಪೀಕರ್ ಹಚ್ಚಬೇಕು, ತಾನೂ ಕೇಳಬೇಕು. ಬದುವಿನ ಬೇಲಿಯ ಮುಳ್ಳು ಸರಿ ಮಾಡಿಸಿಲ್ಲ. ಮೀನಲ ಒಂದೊಂದನ್ನೂ ಹೇಳುತ್ತ ಹೋದಳು, ಸರುಬಾಯಿ "ಹೌದ್ರಿ, ಹೌದ್ರಿ" ಅನ್ನುತ್ತ ಅತ್ತರು, ನಕ್ಕರು.

"ಅಂದು ಸಂಜಿಗೆ ನನ್ನ ಮುಂದ ಏನೋ ಹೇಳಿದ್ರಲ್ಲ, ಅದು ಏನು ಕೇಳವ್ವಾ," ಅಂದರು ಸರುಬಾಯಿ.

ಮಾಸ್ತರರು ತಲೆ ಅಲ್ಲಾಡಿಸಿದರು. ಸಣ್ಣಗೆ ಏನೋ ಅಂದರು. ಮೀನಲ ನಕ್ಕಳು. "ಅದು ನನ್ನ ಕೈಲೆ ಹೇಳಸೂ ಮಾತಲ್ಲ ಅಂತಾರ ಕಾಕೂ."

ಸರುಬಾಯಿ ಗಂಡನ ತುಟಿಯನ್ನೊಮ್ಮೆ ನೋಡಿದರು. ಆಮೇಲೆ ಅಂದರು, "ಹಂಗಾದ್ರ ನನಗ ಕಲಸು. ನಾ ಏಳನೇತ್ತಾ ತನ ಓದೀನಿ. ಇದೂ ಒಂದು ಓದೇ ಅಲ್ಲೇನು?"

ಮೀನಲ ಒಪ್ಪಿದಳು. ಆದರೆ ಪುಸ್ತಕ ಯಾವುದು? ಬಾಲಾಜಿ ಜೋಡಿಸಿ ಮುಗಿಸಿದ ಎರಡೂವರೆ ತಾಸಿನ ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿ ತಂದು ಟಿವಿಗೆ ಹಚ್ಚಿದ. ಅದೇ ಪುಸ್ತಕವಾಯಿತು. ಸರುಬಾಯಿ ಮೊದಲು ದನಿಯಿಟ್ಟು ನೋಡುವರು, ಆಮೇಲೆ ದನಿ ಬಂದ್ ಮಾಡಿ ಅದೇ ವಾಕ್ಯವನ್ನು ತುಟಿಯಲ್ಲಿ ಹುಡುಕುವರು. ಮಾತಿಗೂ ತುಟಿಗೂ ಎಲ್ಲಿಯೂ ಕೂದಲಿನಷ್ಟು ಅಂತರ ಇರಲಿಲ್ಲ, ಅದಕ್ಕೇ ಕಲಿಯಲು ಬಂತು. ಮಾಸ್ತರರು ಪಕ್ಕದಲ್ಲಿ ಕೂತು, ಟಿವಿಯಲ್ಲಿ ತಾವು ಹೇಳಿದ್ದನ್ನೇ ಮತ್ತೆ ನಿಧಾನವಾಗಿ ಹೇಳಿ ತೋರಿಸುವರು. ಮೂವತ್ತನಾಲ್ಕು ವರ್ಷ ಕಲಿಸಿದವರಿಗೆ ಮತ್ತೆ ಒಬ್ಬ ವಿದ್ಯಾರ್ಥಿ ಸಿಕ್ಕಂತಾಯಿತು. ಮೀನಲ ಆಯ್ತವಾರಕ್ಕೊಮ್ಮೆ ಬಂದು ಪರೀಕ್ಷೆ ತೆಗೆದುಕೊಳ್ಳುವಳು.

ತಪ್ಪುಗಳೂ ಆದವು. ಒಂದು ದಿನ ಮಾಸ್ತರರು ಮಜ್ಜಿಗೆ ಕೇಳಿದರು. ಸರುಬಾಯಿ ಖುಷಿಯಿಂದ ಒಳಗೆ ಹೋಗಿ, ಅರ್ಧ ತಾಸು ಒಲೆಯ ಮುಂದೆ ನಿಂತು ಬಿಸಿಬಿಸಿ ಬಜ್ಜಿ ಕರಿದು ತಂದರು. ಮಾಸ್ತರರು ಏನೂ ಅನ್ನದೆ ನಾಲ್ಕು ಬಜ್ಜಿ ತಿಂದರು. ಆಮೇಲೆ ಮತ್ತೆ ಮಜ್ಜಿಗೆ ಕೇಳಿದರು.

ನಾಲ್ಕು ತಿಂಗಳಿಗೆ ಪಾಟಿ ಮೂಲೆ ಸೇರಿತು. ಮಳೆ ಬಿಟ್ಟ ಒಂದು ಮುಂಜಾನೆ, ಹಾಲು ಕಾಸುತ್ತಿದ್ದ ಸರುಬಾಯಿಯ ಹತ್ತಿರ ಮಾಸ್ತರರು ಬಂದು, ಅಂದು ಸಂಜೆ ಹೇಳಿದ್ದನ್ನು ಮತ್ತೆ ಹೇಳಿದರು. ಸರುಬಾಯಿಗೆ ಪೂರ್ತಿ ಹತ್ತಿತು. ಏನು ಹೇಳಿದರು ಎಂದು ಮೀನಲ ಎಷ್ಟು ಸಲ ಕೇಳಿದರೂ ಅವರು ಈತನಕ ಹೇಳಿಲ್ಲ. ಅಂದು ಹಾಲು ಮಾತ್ರ ಉಕ್ಕಿ ಒಲೆಯೆಲ್ಲ ತುಂಬಿತು.

ಬಾಲಾಜಿಯ ಸ್ಟುಡಿಯೋದಲ್ಲಿ ಈಗ ಮೀನಲಳಿಗೆ ಒಂದು ಕುರ್ಚಿ ಇದೆ. ಪಿಕೋ ಕೆಲಸದ ನಡುವೆ ಅವಳು ಬಂದು ಕೂತು ದನಿ ಜೋಡಿಸುತ್ತಾಳೆ. ನಿಲಂಗಾದ, ಉದಗೀರದ ವಿಡಿಯೋದವರೂ ತಮ್ಮ ಕೂಡದ ತುಂಡುಗಳನ್ನು ಅವಳಿಗೇ ಕಳಿಸುತ್ತಾರೆ. ಸಾಸ್ತೂರದಿಂದ ಕಸ್ತೂರಬಾಯಿಯನ್ನು ಕರೆತಂದು ಒಂದು ದಿನ ಸರುಬಾಯಿ ಅವಳಿಗೆ ಸೀರೆ ಉಡಿಸಿದರು, ಉಡಿ ತುಂಬಿದರು. "ಇದು ಯಾತಕ್ಕವ್ವಾ?" ಅಂದಳು ಆ ಮುದುಕಿ. "ನೀ ಹಟಾ ಮಾಡಿದ್ದಕ್ಕ," ಅಂದರು ಸರುಬಾಯಿ.

ಸೊಲ್ಲಾಪುರದ ಡಾಕ್ಟರರಿಗೆ ಈ ಸುದ್ದಿ ಮುಟ್ಟಿತ್ತು. ದೀಪಾವಳಿ ಆದ ಮೇಲೆ ನಿಲಂಗಾದ ಕಡೆಯ ಒಬ್ಬ ರೈತ, ಶಿವರಾಯ ಅಂತ, ಹೆಂಡತಿ ಪ್ರಯಾಗಬಾಯಿಯನ್ನು ಕರೆದುಕೊಂಡು ಗುಂಜೋಟಿಗೆ ಬಂದ. ಅವನಿಗೂ ಅದೇ ಆಪರೇಷನ್, ಒಂದೂವರೆ ತಿಂಗಳಾಗಿತ್ತು. ಪ್ರಯಾಗಬಾಯಿ ಬಾಗಿಲಲ್ಲೇ ನಿಂತು, "ಡಾಕ್ಟರ್ ಕಳಸ್ಯಾರ್ರಿ. ನಮ್ಮವರು ಏನಂತಾರ ನನಗ ತಿಳಿವಲ್ದು," ಎಂದು ಅಳತೊಡಗಿದಳು.

"ಒಳಗ ಬಾ ತಂಗಿ," ಅಂದರು ಸರುಬಾಯಿ. "ಅಳಬ್ಯಾಡ. ಅತ್ರ ಕಣ್ಣು ಮಂಜಾಗ್ತದ, ತುಟಿ ಕಾಣ್ಸಲ್ಲ."

ಗಂಡಸರಿಬ್ಬರನ್ನೂ ಕಿಟಕಿಯ ಬೆಳಕಿಗೆ ಎದುರುಬದುರು ಕೂಡಿಸಿದರು. ಶಿವರಾಯ ಮಾಸ್ತರರ ಕುತ್ತಿಗೆ ನೋಡಿದ, ಮಾಸ್ತರರು ಅವನ ಕುತ್ತಿಗೆ ನೋಡಿದರು. ಶಿವರಾಯ ತುಟಿ ಅಲ್ಲಾಡಿಸಿದ.

"ಹೊಲದಾಗ ಏನು ಹಾಕೀರಿ ಅಂತ ಕೇಳ್ಲಿಕತ್ತಾರ," ಅಂದರು ಸರುಬಾಯಿ.

ಮಾಸ್ತರರ ಮುಖ ಅರಳಿತು. ಮುಂದಕ್ಕೆ ಬಾಗಿ ಉತ್ತರ ಹೇಳತೊಡಗಿದರು. ಪ್ರಯಾಗಬಾಯಿ ಕಣ್ಣು ಒರೆಸಿಕೊಂಡು ಅವರ ಬಾಯಿಯನ್ನೇ ನೋಡುತ್ತ, ಒಂದೊಂದೇ ಅಕ್ಷರ ಹೆಕ್ಕುತ್ತ, ಅಂಜುತ್ತ ಅಂದಳು:

"ತೊ... ತೊಗರಿ?"

"ಹೌದವ್ವಾ, ತೊಗರಿ," ಅಂದರು ಸರುಬಾಯಿ.